ಮೂಟೆಯ ಮೇಲಿನ ಅಪ್ಪ

ನನ್ನ ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರಿದೆ. ರೇಷನ್ ಕಾರ್ಡಿನಲ್ಲಿ ಅತ್ತೆಯ ಹೆಸರಿನ ಕೆಳಗೆ ನಾನಿದ್ದೇನೆ. ಆದರೆ ಕಡೂರಿನ ಮಂಡಿಗೆ ಹೋಗುವ ನನ್ನ ಕೊಬ್ಬರಿ ಮೂಟೆಗಳ ಮೇಲೆ ನೀಲಿ ಬಣ್ಣದಲ್ಲಿ ಇರುವುದು ಅಪ್ಪನ ಊರು, ಅದರ ಕೆಳಗೆ ಅಪ್ಪನ ಹೆಸರು. ನನ್ನ ಮದುವೆಯಾಗಿ, ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಅದು ಬದಲಾಗಿಲ್ಲ. ಮಂಡಿಯಲ್ಲಿ ನನ್ನನ್ನು ಕರೆಯುವುದೂ ಇಂಥವರ ಮಗಳು ಎಂದೇ. ಗಂಡನ ಹೆಸರು ಹೇಳಿದರೆ ಅಲ್ಲಿ ಒಬ್ಬರಿಗೂ ಗೊತ್ತಾಗುವುದಿಲ್ಲ. ಇದನ್ನು ಅವರ ಮುಂದೆ ಹೇಳಬಾರದಿತ್ತು, ಒಂದು ಸಲ ಸಿಟ್ಟಿನಲ್ಲಿ ಹೇಳಿಬಿಟ್ಟಿದ್ದೇನೆ.

ಅಪ್ಪ ಪಂಚನಹಳ್ಳಿ ಕಡೆಯವರು. ಸ್ವಂತ ತೋಟ ಸಣ್ಣದು, ಅಕ್ಕಪಕ್ಕದ ತೋಟಗಳ ಕಾಯಿ ಕೊಂಡು ಅಟ್ಟಕ್ಕೆ ಹಾಕಿ ಕೊಬ್ಬರಿ ಮಾಡಿ ಮಾರುತ್ತಿದ್ದರು. ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಕೂರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಟ್ಟಿ ಉಂಡೆ ಉರುಳಿದಂತೆ ಸದ್ದಾಗಬೇಕು. ನೀರಿನ ಸದ್ದು ಒಂಚೂರು ಕೇಳಿದರೂ ಅದನ್ನು ಒಡೆಯುವ ಹಾಗಿಲ್ಲ. ಅವಸರಪಟ್ಟರೆ ಕೊಬ್ಬರಿ ಕೆಟ್ಟು ನಾರಿ ಕೌಟಾಗುತ್ತದೆ, ಒಂದು ಕೌಟು ಇಡೀ ಮೂಟೆಯ ಮರ್ಯಾದೆ ತೆಗೆಯುತ್ತದೆ. ಅಪ್ಪ ಅಣ್ಣನನ್ನೂ ನನ್ನನ್ನೂ ಅಟ್ಟ ಹತ್ತಿಸಿ, ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿಸಿ ಅಲ್ಲಾಡಿಸಲು ಕಲಿಸಿದರು. "ಅಲ್ಲಾಡಿಸ್ದೆ ಯಾವ್ದನ್ನೂ ನಂಬ್ಬೇಡಿ" ಎನ್ನುತ್ತಿದ್ದರು. ಅಣ್ಣ ಅದನ್ನು ಕಾಯಿಗೆ ಮಾತ್ರ ಇಟ್ಟುಕೊಂಡ. ನಾನು ಮನುಷ್ಯರಿಗೂ ಹಚ್ಚಿಕೊಂಡೆ.

ಹೌದು, ನನಗೆ ಅನುಮಾನ ಜಾಸ್ತಿ. ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೊಟ್ಟಾಗ ಎಣಿಸದೆ ಸೀಟಿನಲ್ಲಿ ಕೂತವಳಲ್ಲ. ತರೀಕೆರೆಯಲ್ಲಿ ಸರ್ಕಾರಿ ಕೆಲಸದಲ್ಲಿರುವ ನನ್ನ ಗಂಡ ಮೀಟಿಂಗ್ ಇತ್ತು ಎಂದು ತಡವಾಗಿ ಬಂದರೆ, ಮೊದಲು ಅವರ ಮುಖ ನೋಡದೆ ಬೈಕಿನ ಚಕ್ರಕ್ಕೆ ಮೆತ್ತಿದ ಮಣ್ಣು ನೋಡುತ್ತೇನೆ. ಕೆಂಪು ಮಣ್ಣಿದ್ದರೆ ಸ್ನೇಹಿತನ ತೋಟಕ್ಕೆ ಹೋಗಿದ್ದಾರೆಂದು ಗೊತ್ತು. ಹೇಳುವುದಿಲ್ಲ, ಇಟ್ಟುಕೊಂಡಿರುತ್ತೇನೆ. ಮನೆಯ ಅಟ್ಟದ ಏಣಿಯನ್ನು ಕೆಲಸ ಮುಗಿದ ಮೇಲೆ ನನ್ನ ಕೋಣೆಯೊಳಗೆ ತಂದಿಟ್ಟು ಬಾಗಿಲು ಹಾಕುವ ಅಭ್ಯಾಸವೂ ನನಗಿದೆ. ಈ ಏಣಿಯ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಮದುವೆಯಲ್ಲಿ ನನ್ನನ್ನು ಕಳಿಸಿಕೊಡುವಾಗ ಮಡಿಲು ತುಂಬಿದರು. ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಎಲೆ ಅಡಿಕೆ, ಎಲ್ಲ ಸೆರಗಿಗೆ ಬಿತ್ತು. ಕೊನೆಗೆ ಅಪ್ಪ ಬಂದು ಪೇಪರಿನಲ್ಲಿ ಸುತ್ತಿದ್ದ ಏನನ್ನೋ ಅಕ್ಕಿಯ ಕೆಳಗೆ ತೂರಿಸಿದರು. ಹೊಟ್ಟೆಗೆ ತಣ್ಣಗೆ ಒತ್ತಿತು. ಕಾರಿನಲ್ಲಿ ಬಿಚ್ಚಿ ನೋಡಿದರೆ ಮೂಟೆಗೆ ಹೆಸರು ಬಳಿಯುವ ತಗಡಿನ ಅಚ್ಚು! ಅಪ್ಪನ ಊರು, ಅಪ್ಪನ ಹೆಸರು ಕೊರೆದದ್ದು. ಅಂಥದೇ ಒಂದು ಅಣ್ಣನ ಹತ್ತಿರವಿದೆ. ಮಂಡಿಯಲ್ಲಿ ಲೆಕ್ಕ ಬೆರೆಯದಿರಲಿ ಎಂದು ನನ್ನದರ ಮೂಲೆಯಲ್ಲಿ ಒಂದು ಸಣ್ಣ ನಕ್ಷತ್ರ ಕೊರೆಸಿದ್ದರು. ಪಕ್ಕದಲ್ಲಿ ಕೂತಿದ್ದ ಅತ್ತೆ ಅದನ್ನು ನೋಡಿದರು. ಚಿನ್ನ ಇರಬಹುದೆಂದು ಕತ್ತು ಚಾಚಿದ್ದರು, ತಗಡು ಕಂಡು ಕಿಟಕಿಯ ಕಡೆ ತಿರುಗಿಕೊಂಡರು.

ಗಂಡನ ಮನೆ ಅಜ್ಜಂಪುರದ ಹತ್ತಿರ. ಈರುಳ್ಳಿ ಬೆಳೆಯುವ ಮನೆ. ಬೋರ್‌ವೆಲ್ ಪಕ್ಕದಲ್ಲಿ ಕೆಲವು ತೆಂಗಿನ ಮರಗಳಿದ್ದವು, ಅವುಗಳ ಕಾಯಿ ಚಟ್ನಿಗೆ, ದೇವರಿಗೆ, ಮಿಕ್ಕದ್ದು ಕೇಳಿದವರಿಗೆ. ನಾನು ಅವುಗಳನ್ನು ಅಟ್ಟಕ್ಕೆ ಹಾಕಿದೆ. ಆಮೇಲೆ ಸಖರಾಯಪಟ್ಟಣದ ತೋಟಗಳಿಂದ ಕಾಯಿ ಕೊಂಡು ತಂದೆ. ಮೊದಲ ಮೂಟೆಗಳ ಮೇಲೆ ಅಪ್ಪನ ಅಚ್ಚಿಟ್ಟು ನೀಲಿ ಬಣ್ಣ ಬಳಿದ ದಿನ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನಮ್ಮನೆ ಅಟ್ಟ, ನಮ್ಮನೆ ಕಾಯಿ, ಹೆಸ್ರು ಮಾತ್ರ ನಿಮ್ಮಪ್ಪಂದಾ? ಯಾವ್ ಸೀಮೆ ನ್ಯಾಯ ಕಣೇ ಇದು?"

"ಅಪ್ಪನ ಹೆಸ್ರಿದ್ರೆ ಮಂಡೀಲಿ ಮೂಟೆ ಬಿಚ್ದೇ ತಗೋತಾರೆ ಅತ್ತೆ."

"ನಮ್ ಹೆಸ್ರಿದ್ರೆ ಬಿಚ್ಚಿ ತಗೊಳ್ಲಿ. ಬಿಚ್ಚುದ್ರೆ ಏನ್ ಬಿದ್ದೋಗುತ್ತೆ?"

ಬಿಚ್ಚಿದರೆ ಏನೂ ಬಿದ್ದುಹೋಗುವುದಿಲ್ಲ ನಿಜ. ಆದರೆ ಕೊಬ್ಬರಿ ವ್ಯಾಪಾರದಲ್ಲಿ ಬಿಚ್ಚದೆ ಕೊಳ್ಳುವ ಹೆಸರು ಎಂದರೆ ಒಬ್ಬರ ಆಯಸ್ಸಿನ ಸಂಪಾದನೆ, ಅದನ್ನು ಅತ್ತೆಗೆ ಹೇಗೆ ಹೇಳುವುದು? ನನ್ನ ಗಂಡ ಜಗಳಕ್ಕೆ ಬರುವವರಲ್ಲ, ಸುತ್ತಿ ಬಳಸಿ ಬರುತ್ತಾರೆ. "ನಂಗೇನಿಲ್ಲ ಕಣೇ. ಆಫೀಸಲ್ಲಿ ಕೇಳ್ತಾರೆ ಅಷ್ಟೇ, ಏನ್ರೀ ನಿಮ್ಮನೇವ್ರು ಇನ್ನೂ ತೌರುಮನೆ ಲೆಕ್ಕದಲ್ಲೇ ಅವ್ರಾ ಅಂತ" ಎಂದರು. ಯಾರು ಕೇಳಿದರು ಎಂದೆ. ಹೆಸರು ಹೇಳಲಿಲ್ಲ. ಯಾರೂ ಕೇಳಿಲ್ಲ, ಇವರೇ ಕೇಳುತ್ತಿದ್ದಾರೆ ಎಂದು ತಿಳಿದುಕೊಂಡೆ. ಹೀಗೇ ನಡೆದುಕೊಂಡು ಬಂತು. ಅಪ್ಪ ತೀರಿಕೊಂಡ ಮೇಲೆ ಆ ನೀಲಿ ಅಕ್ಷರಗಳ ಮೇಲೆ ನನಗೆ ಇನ್ನಷ್ಟು ಹಟ ಬಂತು. ಬಣ್ಣ ಬಳಿಯುವಾಗ ಒಂದು ಅಕ್ಷರ ಮಾಸಿದರೂ ಆ ಚೀಲ ಬಿಟ್ಟು ಬೇರೆ ಚೀಲ ತೆಗೆದುಕೊಳ್ಳುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಮಂಡಿಯ ಸಾಹುಕಾರರ ಫೋನು ಬಂತು.

"ಅಕ್ಕಾರೇ, ಬೇಜಾರ್ ಮಾಡ್ಕೋಬೇಡಿ. ನಿಮ್ ಮಾಲಲ್ಲಿ ಒಂದ್ ಮೂಟೆ ಕೌಟು ಬಂದೈತೆ."

"ನಮ್ದಾ? ಇರಕ್ಕಿಲ್ಲ ಸಾವ್ಕಾರ್ರೇ."

"ನಿಮ್ಮಪ್ಪಾರ ಹೆಸ್ರೈತೆ, ಮೂಲೇಲಿ ನಕ್ಷತ್ರನೂ ಐತೆ. ನಾವು ಬಿಚ್ದೇ ತೂಗುದ್ವಿ. ಕೊಳ್ಳೋ ಪಾರ್ಟಿಯೋರು ಪಕ್ಕಕ್ಕೆ ಕುಯ್ದು ನೋಡಿ ಮೂಗು ಮುಚ್ಕೊಂಡ್ರು. ಇನ್ಮೇಲೆ ನಿಮ್ದೂ ಬಿಚ್ಚೇ ತಗೋಬೇಕು ಅಂತಾವ್ರೆ."

ಫೋಟೊ ಕಳಿಸಿದರು. ನನ್ನದೇ ಗುರುತು, ನನ್ನದೇ ನೀಲಿ. ಆದರೆ ಲೆಕ್ಕದಲ್ಲಿ ನಾನು ಕಳಿಸಿದ್ದಕ್ಕಿಂತ ಒಂದು ಮೂಟೆ ಹೆಚ್ಚಿತ್ತು. ಆ ಸಲ ಲಗೇಜು ಆಟೋಗೆ ಮಾಲು ತುಂಬಿಸುವಾಗ ನಾನು ಊರಲ್ಲಿರಲಿಲ್ಲ, ಕಾಯಿ ನೋಡಲು ಸಖರಾಯಪಟ್ಟಣಕ್ಕೆ ಹೋಗಿದ್ದೆ. ನನ್ನ ಹೆಸರಿನಲ್ಲಿ ಯಾರೋ ಒಂದು ಮೂಟೆ ಸೇರಿಸಿದ್ದಾರೆ!

ಮಧ್ಯಾಹ್ನದೊಳಗೆ ಅಣ್ಣನ ಫೋನು. ಅವನೂ ಅದೇ ಮಂಡಿಗೆ ಮಾಲು ಹಾಕುತ್ತಾನೆ.

"ಏನವ್ವಾ, ಮಂಡೀಲಿ ಅಪ್ಪನ್ನ ಅಂತಾವ್ರೆ. ಹೋಗಿರೋ ಮನುಷ್ಯನ್ನ ಅನ್ನಿಸ್ಬುಟ್ಟಲ್ಲ."

"ಅದು ನಂದಲ್ಲ ಕಣಣ್ಣ."

"ನಕ್ಷತ್ರ ನಂದಾ? ನೋಡು, ಮಡಿಲಿಗೆ ಹಾಕಿದ್ದ ವಾಪಸ್ ಕೇಳ್ಬಾರ್ದು, ಕೇಳಕಿಲ್ಲ. ತಗಡು ನೀನೇ ಮಡೀಕೋ. ಆದ್ರೆ ಬಳಿಯೋದ್ ನಿಲ್ಸು. ಇದ್ಯಾರ ಕೆಲ್ಸ ಅಂತ ತೋರ್ಸು, ಇಲ್ಲಾಂದ್ರೆ ಮುಂದಿನ ಮಾಲಿಂದ ನಿನ್ ಗಂಡನ ಹೆಸ್ರಾಕು."

ಹೆಸರು ಹೋಗುತ್ತದೆ. ಅಪ್ಪ ಇದ್ದಾಗ ಕೊಟ್ಟದ್ದು, ಅಪ್ಪ ಇಲ್ಲದಾಗ ಯಾರದೋ ಒಂದು ಮೂಟೆಯಿಂದ ಹೋಗುತ್ತದೆ. ಅಳು ಬರಲಿಲ್ಲ, ಅನುಮಾನ ಬಂತು. ಇದರಿಂದ ಯಾರಿಗೆ ಲಾಭ? ಅಣ್ಣನಿಗೇ. ನನ್ನ ಗುರುತು ನಿಂತುಹೋದರೆ ಅಪ್ಪನ ಹೆಸರಿನ ಮಾಲು ಮಂಡಿಯಲ್ಲಿ ಅವನೊಬ್ಬನದೇ. ಒಂದು ನಕ್ಷತ್ರ ಬಳಿಯುವುದು ಯಾರಿಗೆ ಬಾರದು? ಅಣ್ಣನ ಮಾತನ್ನು ಒಂದೊಂದೇ ನೆನಪಿಸಿಕೊಂಡು ಅಲ್ಲಾಡಿಸಿ ನೋಡಿದೆ. "ಹೋಗಿರೋ ಮನುಷ್ಯನ್ನ" ಎನ್ನುವಾಗ ಅವನ ದನಿ ಸಣ್ಣಗಾಗಿತ್ತು. ಅದು ನಾಟಕವೂ ಇರಬಹುದು ಎನಿಸಿತು. ಒಡಹುಟ್ಟಿದವನ ಬಗ್ಗೆ ಹೀಗೆ ಯೋಚಿಸುವಂತಾಯಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು, ಆದರೂ ಯೋಚನೆ ನಿಲ್ಲಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರು ಅನ್ನ ಕಲಸುತ್ತಾ, "ಹೋಗ್ಲಿ ಬಿಡು, ನನ್ನೆಸ್ರೇ ಹಾಕು. ತಲೆನೋವೇ ಇರಲ್ಲ" ಎಂದರು. ಎಷ್ಟು ಬೇಗ ಪರಿಹಾರ ಸಿಕ್ಕಿತು ಇವರಿಗೆ! ಅವರನ್ನು ಕೆಳಗಿಂದ ಮೇಲಿನವರೆಗೆ ನೋಡಿದೆ. "ಯಾಕಂಗ್ ನೋಡ್ತೀಯ?" ಎಂದರು. ಏನಿಲ್ಲ ಎಂದೆ. ಅತ್ತೆ ಮಾತ್ರ ಅಂದು ಒಂದು ಮಾತೂ ಆಡಲಿಲ್ಲ. ಇಂಥ ಸಂದರ್ಭ ಸಿಕ್ಕಿದರೆ ಬಿಡುವ ಹೆಂಗಸಲ್ಲ ಅವರು. ಸಾರು ಬಡಿಸಿಕೊಂಡು ಗೋಡೆ ನೋಡುತ್ತ ಊಟ ಮಾಡಿದರು. ಅವರಿಗೂ ನನ್ನ ಮೇಲೆ ಕನಿಕರ ಬಂದಿದೆ ಎಂದುಕೊಂಡೆ, ಅಂದು ನಾನು ಅಲ್ಲಾಡಿಸದೆ ನಂಬಿದ್ದು ಅದೊಂದನ್ನೇ.

ಮರುದಿನ ಕಡೂರಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನು ಕೊರೆದ ಪ್ರಶ್ನೆ ಒಂದೇ. ಕದ್ದು ಮೂಟೆ ಸೇರಿಸಿದವರು ಅದರ ದುಡ್ಡಿಗೆ ಬರಬೇಕಲ್ಲ? ದುಡ್ಡು ಬರುವುದು ನನ್ನ ಖಾತೆಗೆ. ಹೆಸರು ಕೆಡಿಸಲೆಂದೇ ಒಂದು ಮೂಟೆ ಕೊಬ್ಬರಿ ಕಳೆದುಕೊಳ್ಳುವಷ್ಟು ದ್ವೇಷ ಅಣ್ಣನಿಗಿದೆಯೇ? ಬೀರೂರು ದಾಟುವ ಹೊತ್ತಿಗೆ ಇದ್ದರೂ ಇರಬಹುದು ಎನ್ನುವವರೆಗೆ ಬಂದಿದ್ದೆ.

ಸಾಹುಕಾರರು ಮೂಟೆಯನ್ನು ಗೋಡೌನಿನ ಮೂಲೆಯಲ್ಲಿ, ಬೇರೆ ಮಾಲಿಗೆ ತಾಗದ ಹಾಗೆ ದೂರ ಇಟ್ಟಿದ್ದರು. ಅಪ್ಪನ ಹೆಸರು ಗೋಡೆಯ ಕಡೆಗೆ ತಿರುಗಿತ್ತು. ಅದನ್ನು ಕಂಡಾಗ ಮಾತ್ರ ಕಣ್ಣು ತುಂಬಿ ಬಂತು. ಕುಯ್ದ ಕಡೆ ಕೈ ಹಾಕಿ ಒಂದು ಗಿಟುಕು ತೆಗೆದು ಮೂಸಿದೆ. ಕೌಟು ವಾಸನೆ ಮೊದಲು ಹೊಡೆಯಿತು. ಅದರ ಹಿಂದೆ ಇನ್ನೊಂದು ವಾಸನೆ ಇತ್ತು. ಮತ್ತೆ ಮೂಸಿದೆ. ಈರುಳ್ಳಿ! ಪಂಚನಹಳ್ಳಿಯ ಅಣ್ಣನ ಮನೆಯಲ್ಲಿ ಸಾರಿಗೆ ಬೇಕಾದಷ್ಟು ಬಿಟ್ಟರೆ ಈರುಳ್ಳಿ ಎಲ್ಲಿಂದ ಬಂತು?

ಆಮೇಲೆ ಮೂಟೆಯ ಬಾಯಿ ನೋಡಿದೆ. ಪಕ್ಕಕ್ಕೆ ಕುಯ್ದಿದ್ದರಿಂದ ಬಾಯಿಯ ಹೊಲಿಗೆ ಹಾಗೇ ಇತ್ತು. ನಾವು ಕೊಬ್ಬರಿ ಚೀಲದ ಬಾಯಿಯನ್ನು ಎರಡು ಸಲ ಮಡಚಿ, ದಬ್ಬಳದಿಂದ ಒತ್ತೊತ್ತಾಗಿ ಹೊಲಿಯುತ್ತೇವೆ, ಥಂಡಿ ಒಳಗೆ ಹೋಗಬಾರದೆಂದು. ಇದರ ಬಾಯಿ ಮಡಚಿರಲಿಲ್ಲ. ಬೆರಳು ತೂರುವಷ್ಟು ಸಂದು ಬಿಟ್ಟು, ಆಚೆಗೊಂದು ಈಚೆಗೊಂದು ದಾರ ಎಳೆದಿತ್ತು. ಈರುಳ್ಳಿ ಚೀಲ ಹೊಲಿಯುವುದು ಹಾಗೆ, ಒಳಗೆ ಗಾಳಿಯಾಡಬೇಕಲ್ಲ. ಜನ್ಮವಿಡೀ ಈರುಳ್ಳಿ ಚೀಲ ಹೊಲಿದ ಕೈ ಕೊಬ್ಬರಿಯನ್ನೂ ಹಾಗೇ ಹೊಲಿದಿತ್ತು. ಕೊನೆಯ ಗಂಟು ಎಡಗಡೆಗೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಎಡಗೈಯಲ್ಲಿ ದಬ್ಬಳ ಹಿಡಿಯುವವರು ಒಬ್ಬರೇ.

ಮೂಟೆ ನನ್ನದೇ, ನಾನೇ ವಾಪಸ್ ಒಯ್ಯುತ್ತೇನೆ ಎಂದು ಸಾಹುಕಾರರಿಗೆ ಹೇಳಿದೆ. "ಇನ್ಮೇಲೆ ನಂದು ಬಿಚ್ಚೇ ತಗೊಳ್ಳಿ ಸಾವ್ಕಾರ್ರೇ, ನಿಮ್ಗೇ ಸಾಕು ಅನ್ನಿಸೋವರ್ಗೂ" ಎಂದೆ. ಆ ಮಾತು ಆಡುವಾಗ ನಾಲಿಗೆ ಸುಟ್ಟಂತಾಯಿತು.

ಮನೆಗೆ ಬಂದಾಗ ಅತ್ತೆ ಈರುಳ್ಳಿ ಕೊಟ್ಟಿಗೆಯಲ್ಲಿ ಕೊಳೆತದ್ದನ್ನು ಆರಿಸುತ್ತಿದ್ದರು. ಮೂಟೆಯನ್ನು ಅವರ ಮುಂದೆ ಇಳಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಈರುಳ್ಳಿಗೆ ಕೈ ಹಾಕಿದರು.

"ಯಾಕತ್ತೆ ಹಿಂಗ್ ಮಾಡಿದ್ರಿ? ನನ್ನೆಸ್ರು ತೆಗೀಬೇಕು ಅಂತಾನಾ?"

"ನಿನ್ನೆಸ್ರು ತೆಗ್ದು ನಾನೇನ್ ತಿನ್ಲಾ?"

"ಮತ್ಯಾಕೆ?"

ಅತ್ತೆ ತಲೆಯೆತ್ತದೆ ಹೇಳಿದರು. ಗಾಳಿಗೆ ಉದುರಿದ ಕಾಯಿಗಳನ್ನು ಒಂದೊಂದೇ ಆರಿಸಿ ಈರುಳ್ಳಿಯ ಹಿಂದೆ ಕೂಡಿಟ್ಟು, ಒಣಗಿದವೆನಿಸಿದಾಗ ಒಡೆದು ಚೀಲಕ್ಕೆ ತುಂಬಿದ್ದರಂತೆ. ಈ ಮನೆಗೆ ಬಂದ ಮೇಲೆ ಎಷ್ಟೋ ಲೋಡು ಈರುಳ್ಳಿ ಅವರ ಕೈಯಿಂದ ದಾಟಿ ಹೋಗಿದೆ, ಮೊದಲು ಮಾವನ ಹೆಸರಿನಲ್ಲಿ, ಈಗ ಮಗನ ಹೆಸರಿನಲ್ಲಿ. ತಾನು ಮಾಡಿದ್ದು ಅಂತ ಒಂದು ಮೂಟೆ ಮಾರ್ಕೆಟ್ಟಿಗೆ ಹೋಗಲಿ, ಬಿಚ್ಚದೆ ಕೊಳ್ಳುತ್ತಾರಂತಲ್ಲ, ತನ್ನದನ್ನೂ ಕೊಳ್ಳುತ್ತಾರಾ ನೋಡೋಣ ಎಂದುಕೊಂಡರಂತೆ. ನಾನಿಲ್ಲದ ದಿನ, ನಡುಮನೆಯಲ್ಲೇ ಬಿಟ್ಟುಹೋಗಿದ್ದ ನನ್ನ ಅಚ್ಚು ತೆಗೆದು ಬಳಿದು ಆಟೋಗೆ ಹಾಕಿಸಿದರಂತೆ.

"ಅಟ್ಟಕ್ಕಾಕ್ಬೇಕಿತ್ತು ಅತ್ತೆ. ಕೆಳಗಿಟ್ರೆ ಥಂಡಿ ಹಿಡೀದೇ ಇರುತ್ತಾ?"

ಅತ್ತೆ ಆಗ ಮುಖ ಎತ್ತಿದರು. "ಏಣಿ ಎಲ್ಲೈತೆ?" ಎಂದರು.

ಏಣಿ ನನ್ನ ಕೋಣೆಯಲ್ಲಿತ್ತು, ಬಾಗಿಲು ಹಾಕಿತ್ತು. ಕೂಗಾಡಬೇಕೆಂದು ಕಡೂರಿನಿಂದ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ಸಿಟ್ಟು ಹೋಯಿತೆಂದು ಹೇಳಲಾರೆ. ಸಿಟ್ಟಿನ ಜೊತೆಗೆ ನಾಚಿಕೆಯೂ ಆಯಿತು, ಎರಡನ್ನೂ ಹಿಡಿದುಕೊಂಡು ಅಲ್ಲೇ ಈರುಳ್ಳಿಯ ಪಕ್ಕ ಕೂತೆ.

ಅಣ್ಣನಿಗೆ ಫೋನು ಮಾಡಿ, ಮೂಟೆ ನಮ್ಮ ಮನೆಯದೇ, ನನ್ನ ಕಣ್ತಪ್ಪು, ನಾನೇ ಎತ್ತಿಕೊಂಡು ಬಂದಿದ್ದೇನೆ, ಸ್ವಲ್ಪ ದಿನ ಬಿಚ್ಚಿಸಿಯೇ ಕೊಡುತ್ತೇನೆ ಎಂದೆ. ಅತ್ತೆಯ ಹೆಸರು ಎತ್ತಲಿಲ್ಲ. "ನಿನ್ ಕಣ್ತಪ್ಪಾ?" ಎಂದ ಅಣ್ಣ. ಅವನು ನಂಬಲಿಲ್ಲ, ನನಗೆ ಗೊತ್ತಾಯಿತು. ಅವನೂ ಅಪ್ಪನ ಮಗನೇ. ಆದರೂ, "ಸರಿ, ಬಳ್ಕೋ. ಇನ್ನೊಂದ್ಸಲ ಆದ್ರೆ ನಾನ್ ಸುಮ್ಕಿರಕ್ಕಿಲ್ಲ" ಎಂದ.

ಇನ್ನೊಂದು ಸಲ ಆಗಬಾರದಿತ್ತು. ಅತ್ತೆಗೆ ಒಂದು ಸಲ ಮಂಡಿಯ ರುಚಿ ಹತ್ತಿದೆ, ಏಣಿ ಬಚ್ಚಿಟ್ಟರೆ ಮತ್ತೆ ಈರುಳ್ಳಿಯ ಹಿಂದೆಯೇ ಕಾಯಿ ಸೇರುತ್ತದೆ ಎಂದು ನನಗೆ ಖಾತ್ರಿಯಿತ್ತು. ಹಾಗಾಗಿ ನಾನು ಮಾಡಿದ್ದನ್ನು ದೊಡ್ಡತನ ಎಂದು ಯಾರೂ ತಿಳಿಯಬೇಕಾಗಿಲ್ಲ. ನನ್ನ ಗುರುತು ಉಳಿಯಬೇಕಿದ್ದರೆ ಅವರಿಗೆ ಬೇರೆ ಗುರುತು ಬೇಕಿತ್ತು. ಒಂದು ದಿನ ಇಬ್ಬರೂ ಹೂವು ಕಟ್ಟುತ್ತಾ ಕೂತಿದ್ದಾಗ ಕೇಳಿದೆ.

"ಅತ್ತೆ, ನಿಮ್ಮಪ್ಪನ ಹೆಸ್ರೇನು?"

ಅವರು ದಾರ ಕೆಳಗಿಟ್ಟರು. "ಯಾಕ್ ಕೇಳ್ತೀಯ?"

"ಸುಮ್ನೆ."

"ಸುಮ್ನೆ ಕೇಳೋಳಲ್ಲ ನೀನು."

ಅತ್ತೆ ಹೆಬ್ಬೆ ಕಡೆಯವರು ಎಂಬುದಷ್ಟೇ ನನಗೆ ಗೊತ್ತಿತ್ತು. ಅಲ್ಲಿ ಅವರಿಗೆ ತೌರು ಅಂತ ಈಗ ಏನೂ ಉಳಿದಿಲ್ಲ, ಅಣ್ಣತಮ್ಮಂದಿರೂ ಇಲ್ಲ. ಇಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದು ನಾನು ಅವರಪ್ಪನ ಹೆಸರು ಕೇಳಿರಲಿಲ್ಲ. ನನ್ನಪ್ಪನ ಹೆಸರನ್ನು ಮಾತ್ರ ಅವರ ಕಣ್ಣ ಮುಂದೆ ಮೂಟೆ ಮೂಟೆಗೂ ಬಳಿದಿದ್ದೆ. ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೆಸರು ಹೇಳಿದರು. ಆಮೇಲೆ, "ತಲೆ ಮೇಲೆ ಕಿತ್ತಳೆ ಬುಟ್ಟಿ ಹೊತ್ಕೊಂಡು ತರೀಕೆರೆ ಸಂತೆಗ್ ಬರೋರು. ಬುಟ್ಟಿ ಇಳಿಸಿದ್ರೆ ಜನ ಆರ್ಸದೇ ತಗೋಳೋರು" ಎಂದರು. ಇದೇನು ನನ್ನ ಮಾತಿಗೆ ಮಾತು ಸೇರಿಸುತ್ತಿದ್ದಾರಾ ಎಂದು ಒಂದು ಗಳಿಗೆ ಅವರ ಮುಖ ನೋಡಿದೆ. ಹಾಗೆ ಕಾಣಲಿಲ್ಲ.

ತರೀಕೆರೆ ಬಸ್‌ಸ್ಟ್ಯಾಂಡ್ ಹತ್ತಿರ ತಗಡಿನ ಕೆಲಸ ಮಾಡುವವರಿಂದ ಅಚ್ಚು ಕೊರೆಸಿ ತಂದೆ. ಮೇಲೆ ಅವರೂರು, ಕೆಳಗೆ ಅವರಪ್ಪನ ಹೆಸರು. ಅತ್ತೆಯ ಮುಂದೆ ಇಟ್ಟೆ. ಅವರಿಗೆ ಓದಲು ಬರುವುದಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ, ಅಂಚು ಮುಟ್ಟಿ ನೋಡಿ, ಏನು ಬರೆದಿದೆ ಎಂದರು. ಓದಿದೆ.

"ನಿಜ್ವಾಗ್ಲೂ ಅದೇ ಐತಾ? ನಿನ್ ಗಂಡನ್ ಕರಿ."

ಮಗನ ಕೈಗೆ ತಗಡು ಕೊಟ್ಟರು. ನನ್ನ ಗಂಡ ಬೆಳಕಿಗೆ ಹಿಡಿದು ಜೋರಾಗಿ ಓದಿದರು. ಆಮೇಲೆ ತಾಯಿಯನ್ನೂ ನನ್ನನ್ನೂ ನೋಡಿ, "ಯಾರಮ್ಮ ಇದು?" ಎಂದರು.

"ನಿಮ್ತಾತ ಕಣೋ" ಎಂದರು ಅತ್ತೆ. "ನಮ್ಮಪ್ಪ."

ನನ್ನ ಗಂಡ ತಗಡನ್ನು ಇನ್ನೊಂದು ಸಲ ಓದಿದರು, ಈ ಸಲ ಸದ್ದಿಲ್ಲದೆ. ಆಫೀಸಿನಲ್ಲಿ ಯಾರು ಏನು ಕೇಳುತ್ತಾರೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅತ್ತೆ ಅದನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ, ಮಡಿಲಲ್ಲಿ ಇಟ್ಟುಕೊಂಡು ಸೆರಗು ಮುಚ್ಚಿದರು.

ಅಂದಿನಿಂದ ಏಣಿ ನಡುಮನೆಯ ಗೋಡೆಗೇ ಒರಗಿರುತ್ತದೆ. ಅಟ್ಟದ ಒಂದು ಮೂಲೆ ಅತ್ತೆಯದು. ಅವರ ಮೊದಲ ಮೂಟೆಗೆ ಕಾಯಿ ಇಳಿಸುವ ದಿನ ನಾನು ಸುಮ್ಮನೆ ದೂರ ನಿಂತಿದ್ದೆ, ಅವರ ಕಾಯಿ ಮುಟ್ಟಿದರೆ ಏನಾದರೂ ಅಂದಾರು ಎಂದು. ಅವರೇ ಕೂಗಿದರು.

"ಏನ್ ನೋಡ್ಕೊಂಡ್ ನಿಂತಿದ್ದೀಯ, ಬಾ. ಒಂದೊಂದೇ ಕಿವಿಗಿಟ್ಟು ನೋಡು. ಒಂದೂ ಬಿಡ್ಬೇಡ ಕಣವ್ವ, ನಾಳೆ ಮಂಡೀಲಿ ನಮ್ಮಪ್ಪನ್ನ ಯಾರೂ ಅನ್ಬಾರ್ದು."